ತೊಂಬತ್ತಾರು ಬಾವಿಗಳು

ಗ್ದಾನ್‌ಸ್ಕ್‌ನಲ್ಲಿ ಜನವರಿ. ಮೂರೂವರೆಗೇ ಕತ್ತಲು.
ಆಸ್ಪತ್ರೆಯ ನೆಲಮಾಳಿಗೆಗೆ ಹೇಗೂ ಕಿಟಕಿಯಿಲ್ಲ,
ನನಗೆ ಹೊತ್ತು ಗೊತ್ತಾಗುವುದು
ಮೇಲಿನ ವಾರ್ಡಿನಿಂದ ರಕ್ತ ಇಳಿದು ಬಂದಾಗ.

ಮೊದಲು ಕುದಿಸುತ್ತೇನೆ.
ಒಡೆದ ಹಾಲಿನಂತೆ ಹೆಪ್ಪಾದದ್ದನ್ನು
ಗಿರ್ರನೆ ತಿರುಗಿಸಿ ತಳಕ್ಕಿಳಿಸಿ
ಮೇಲಿನ ತಿಳಿಯಷ್ಟೇ ಎತ್ತಿ
ಅಂಗೈಯಗಲದ ತಟ್ಟೆಯ ಬಾವಿಗಳಿಗೆ ಹನಿಸುತ್ತೇನೆ.
ತೊಂಬತ್ತಾರು ಬಾವಿ, ಒಂದೊಂದಕ್ಕೂ
ಕಡಲೆಕಾಳು ಮುಳುಗುವಷ್ಟು ಆಳ.

ಹುಡುಕುವುದು ಬೂಷ್ಟನ್ನಲ್ಲ.
ಬೂಷ್ಟೇ ಕೈಗೆ ಸಿಕ್ಕುವ ಹೊತ್ತಿಗೆ ತಡವಾಗಿರುತ್ತದೆ.
ಶ್ವಾಸಕೋಶದಲ್ಲಿ ಬೇರುಬಿಡುತ್ತಾ
ಅದು ನೆತ್ತರಿಗೆ ಉದುರಿಸುವ ಸಕ್ಕರೆಯ ಪುಡಿ,
ಕಳ್ಳ ಓಡಿದ ದಾರಿಯುದ್ದ
ಹರಿದ ಚೀಲದಿಂದ ಸುರಿದ ಕಾಳು.
ಇದ್ದರೆ ಬಾವಿ ನೀಲಿಯಾಗುತ್ತದೆ,
ಆಮ್ಲ ಬಿದ್ದೊಡನೆ ನೀಲಿ ಹಳದಿಗೆ ಹೊರಳುತ್ತದೆ.
ಇಲ್ಲದಿದ್ದರೆ ನೀರು ನೀರೇ.

ಬೊಗುಮಿಲ್ ವೆಂಶೆರ್ಸ್ಕಿ, ಅರವತ್ತೆರಡು, ಹಡಗುಕಟ್ಟೆಯ ವೆಲ್ಡರ್.
ನನ್ನ ಪಾಲಿಗೆ ಆತ ನಾಲ್ಕನೇ ಸಾಲಿನ ಒಂದು ಬಾವಿ:
ಸೋಮವಾರ ಒಂದೂ ಮುಕ್ಕಾಲು,
ಗುರುವಾರ ಮೂರು ದಾಟಿತು.
ಅರ್ಧ ದಾಟಿದರೇ ನಾವು ಫೋನು ಎತ್ತುವವರು.

ಜ್ವರವಿಲ್ಲ.
ಸ್ಕ್ಯಾನಿನಲ್ಲಿ ಶ್ವಾಸಕೋಶ ಮೋಡವಿಲ್ಲದ ರಾತ್ರಿ.
ಆದರೂ ಡಾಕ್ಟರ್ ಪೆಪ್ಲಿನ್ಸ್ಕಾ ಔಷಧಿ ಏರಿಸಿದರು,
ಸಂಖ್ಯೆ ಕೂಗುತ್ತಿರುವಾಗ ಯಾರು ಸುಮ್ಮನಿದ್ದಾರು?
ತಂಗಿಯ ಅಸ್ಥಿಮಜ್ಜೆ ಕಾಯುತ್ತಿತ್ತು; ಕಸಿಯ ದಿನ ಮುಂದಕ್ಕೆ ಹೋಯಿತು.
ಆ ಔಷಧಿಗೆ ಗೋಡೆಗಳು ಹಸಿರಾಗಿ ಉಸಿರಾಡಿದವಂತೆ,
ನರ್ಸಿನ ತಲೆಯ ಸುತ್ತ ವೆಲ್ಡಿಂಗಿನ ಕಿಡಿ ಹಾರಿತಂತೆ.

ಕೊಳವೆಗಳ ಒಡೆಯರನ್ನು ನಾನು ನೋಡುವುದಿಲ್ಲ.
ಹದಿನಾರು ವರ್ಷದಲ್ಲಿ ನಾಲ್ಕೋ ಐದೋ ಬಾರಿ.
ಅವತ್ತು ಮೆಟ್ಟಿಲು ಹತ್ತಿದೆ;
ತಪ್ಪು ನನ್ನ ಕೈಯದೇ ಇರಬಹುದೆಂದು ನಿದ್ದೆಗೆಟ್ಟಿದ್ದೆ.

ಬಾಯಿತುಂಬ ಹುಣ್ಣು. ಮಾತು ತುಂಡು ತುಂಡು.
"ನನ್ನೊಳಗೆ ನಾಯಿಕೊಡೆ ಹುಡುಕುವವಳು ನೀನೇನಾ?
ಕಶೂಬ್ಯದ ಕಾಡಿನಲ್ಲಿ ಐವತ್ತು ವರ್ಷ ಕೊಯ್ದವನು ನಾನು.
ಕೊಡೆ ನೋಡಿದರೆ ಸಾಲದು, ಹುಡುಗೀ.
ಬುಡ ಕೆದಕಬೇಕು.
ಪಕ್ಕದಲ್ಲಿ ಯಾವ ಮರ ಇದೆ ಅಂತ ನೋಡಬೇಕು."

ಪಕ್ಕದಲ್ಲಿ ನೋಡಿದೆ.
ಸ್ಟೀಲಿನ ಬಟ್ಟಲಲ್ಲಿ ಚೀಪಿ ಬಿಟ್ಟ ಕಡ್ಡಿಗಳು. ಹನ್ನೊಂದು.
ನಿಂಬೆಹುಳಿಯ ಐಸ್ ಕ್ಯಾಂಡಿ,
ಮಗಳು ತಂದು ವಾರ್ಡಿನ ಫ್ರೀಜರಿನಲ್ಲಿ ತುಂಬಿಟ್ಟದ್ದು.
ಸೂಪೂ ಇಳಿಯದ ಗಂಟಲಿಗೆ ಅದೊಂದೇ ಇಳಿಯುತ್ತಿತ್ತು.

ಹೊದಿಕೆಯ ಮೇಲೆ ಇರುವೆಯಷ್ಟು ಅಕ್ಷರ:
ಸಕ್ಕರೆ, ಬಣ್ಣ, ಹುಳಿ ಹದಮಾಡುವ ಗ್ಲೂಕೋನೇಟ್.
ಅದನ್ನು ಯಾವುದರಿಂದ ತಯಾರಿಸುತ್ತಾರೆಂದು ನನಗೆ ಗೊತ್ತಿತ್ತು:
ಕಾರ್ಖಾನೆಯ ಹಂಡೆಗಳಲ್ಲಿ ಸಾಕಿದ, ಅದೇ ಕುಲದ ಬೂಷ್ಟು.

ಒಂದನ್ನು ಕೋಟಿನ ಜೇಬಿನಲ್ಲಿ ಕೆಳಗೆ ತಂದೆ.
ಕರಗಿಸಿದೆ. ಕುದಿಸಿದೆ. ಹನಿಸಿದೆ. ಕತ್ತಲಲ್ಲಿಟ್ಟೆ.
ಯಾವ ಮನುಷ್ಯನ ರಕ್ತವೂ
ಅಷ್ಟು ಹಳದಿಯಾದದ್ದನ್ನು ನಾನು ಕಂಡಿರಲಿಲ್ಲ.
ನಕ್ಕೆ. ಒಬ್ಬಳೇ, ಹುಚ್ಚಿಯ ಹಾಗೆ,
ಸೆಂಟ್ರಿಫ್ಯೂಜಿನ ಮುಚ್ಚಳ ಹಿಡಿದುಕೊಂಡು.

ಕ್ಯಾಂಡಿ ನಿಂತಿತು. ಹತ್ತು ದಿನಕ್ಕೆ ಅವನ ಬಾವಿ ತಿಳಿಯಾಯಿತು.
ಗೋಡೆಗಳು ಉಸಿರಾಡುವುದನ್ನು ಬಿಟ್ಟವು.
ಬರೀ ನೀರಿನ ಮಂಜುಗಡ್ಡೆ ಚೀಪುತ್ತಾ
"ಇದಕ್ಕೆ ಕಿಟಕಿ ನೆಕ್ಕಿದ ರುಚಿ" ಎಂದನಂತೆ.

ಅದೇ ತಟ್ಟೆಯಲ್ಲಿ, ಅವನಿಂದ ಮೂರು ಬಾವಿ ಆಚೆ,
ಇನ್ನೊಂದು ಹಳದಿ.
ಕಿಂಗಾ, ಹತ್ತೊಂಬತ್ತು.
ಫೋನು ಎತ್ತಿದೆ. ಐಸ್ ಕ್ಯಾಂಡಿ ಏನಾದರೂ? ಎಂದೆ.
ಇಲ್ಲ ಎಂದಳು ನರ್ಸ್.
ಶರಬತ್ತು, ಮಿಠಾಯಿ, ಅಂಗಡಿಯ ಸಾಸು?
ಇಲ್ಲ.
ಇನ್ನೊಮ್ಮೆ ನೋಡು, ಮಂಚದ ಪಕ್ಕ, ದಿಂಬಿನ ಕೆಳಗೆ,
ಯಾರಾದರೂ ತಂದು ಕೊಟ್ಟ
ಇಲ್ಲ, ದನೂತಾ.
ಅವಳು ಏನೂ ತಿಂದಿಲ್ಲ. ಮೂರು ದಿನವಾಯಿತು.