ನೂರಿಪ್ಪತ್ತು ಸೆಕೆಂಡು

ರಾತ್ರಿ ಎರಡೂ ಹತ್ತು. ವೇಬ್ರಿಡ್ಜಿನ ಮೇಲೆ
ಹಲಗಯ್ಯನ ಟ್ರ್ಯಾಕ್ಟರು, ಬೆನ್ನಿಗೆ ಎರಡು ಟ್ರೇಲರು ಕಬ್ಬು.
ಕೆಂಪು ಅಂಕಿ ಹದಿನೆಂಟು ಟನ್ ತೋರಿಸಿ ನಿಂತಿದೆ,
ಚೀಟಿ ಮಾತ್ರ ಬರುತ್ತಿಲ್ಲ.

ಅವನ ಹಿಂದೆ ಎತ್ತಿನ ಗಾಡಿಗಳು, ಇನ್ನಷ್ಟು ಟ್ರ್ಯಾಕ್ಟರು,
ಗೇಟು ದಾಟಿ ಮದ್ದೂರಿನ ರಸ್ತೆಗೆ ಬಾಲ ಚಾಚಿದ ಸಾಲು.
"ಮೇಡಮ್ಮೋರೇ, ನಿಮ್ ಕಂಪ್ಯೂಟ್ರು ಮಲ್ಕಂಬುಡ್ತಾ?"
ಕಿಟಕಿಯಲ್ಲಿ ಗುಮಾಸ್ತ ಕೆಂಪಸಿದ್ದುವಿನ
ಮಫ್ಲರು ಸುತ್ತಿದ ತಲೆ.

ಮಲಗಿದೆ, ನಿಜ. ಎಬ್ಬಿಸಲಾಗದ ನಿದ್ದೆ.
ಲಾಗ್ ತೆರೆದರೆ ಕರ್ನಲ್ಲು ಒಂದು ಸಾಲು ಬರೆದಿಟ್ಟಿದೆ:
ತೂಕ ದಾಖಲಿಸುವ ಕೆಲಸ
ನೂರಿಪ್ಪತ್ತು ಸೆಕೆಂಡಿಗೂ ಮೀರಿ ತಡೆದು ನಿಂತಿದೆ.
ಬೈಗುಳವಲ್ಲ, ಅಳುವೂ ಅಲ್ಲ,
ಪಹರೆಯವನು ಗಂಟೆ ಹೊಡೆದು ಮುಂದೆ ನಡೆದ ಹಾಗೆ.

ಕೆಲಸದ ಹೆಸರಿನೆದುರು 'ಡಿ' ಎಂಬ ಒಂದಕ್ಷರ,
ಡಿಸ್ಕಿನ ಬಾಗಿಲಲ್ಲಿ ಕಾದು ಕೂತವರ ಗುರುತು.
ಕೂಗಿದರೆ ಓಗೊಡರು.
ಒಂಬತ್ತನೆಯ ಸಿಗ್ನಲ್ ಕಳಿಸಿದೆ,
ಎಂಥವರನ್ನೂ ಮುಗಿಸುವಂಥದು. ಅದೂ ಹೋಗಿ
ಹೊಸ್ತಿಲಾಚೆ ಕಾಯುತ್ತ ಕೂತಿತು.
ಸಾಯುವುದಕ್ಕೂ ಒಮ್ಮೆ ಎಚ್ಚರವಾಗಬೇಕಂತೆ.

ಲೋಡು ನಲವತ್ತೊಂದು. ಸಿಪಿಯು ಮಾತ್ರ ಕೈಕಟ್ಟಿ ಕೂತಿದೆ,
ಮದುವೆಮನೆಯಲ್ಲಿ ಎಲೆ ಹಾಕಿಸಿಕೊಂಡು
ಅನ್ನ ಬರುವ ದಿಕ್ಕು ನೋಡುವ ಬೀಗರಂತೆ.

ಸಾಫ್ಟ್‌ವೇರ್ ಕೊಟ್ಟವರು ಫೋನಿನಲ್ಲಿ ಆಕಳಿಸಿದರು:
"ಆ ಎಚ್ಚರಿಕೆಗೆ ಸೊನ್ನೆ ಬರೆದುಬಿಡಿ ಮೇಡಂ,
ಮತ್ತೆ ಕಾಣೋದೇ ಇಲ್ಲ."
ಹೌದು. ಬೊಗಳುವ ನಾಯಿಯ ಬಾಯಿ ಕಟ್ಟಿದರೆ
ಕಳ್ಳನಿಗೇನು ನಷ್ಟ?

ಸೆಕೆಂಡಿಗೊಮ್ಮೆ ಡಿಸ್ಕಿನ ನಾಡಿ ಹಿಡಿದೆ.
ಒಂದು ಸಾಲು ಬರೆಯಲು ಸಾವಿರದೆಂಟುನೂರು ಮಿಲಿಸೆಕೆಂಡು.
ಕೆಟ್ಟ ಸೆಕ್ಟರು ಒಂದೂ ಇಲ್ಲ. ಕೇಬಲ್ಲು ಬಿಚ್ಚಿ, ಊದಿ, ಮತ್ತೆ ಸಿಕ್ಕಿಸಿದ್ದಾಯಿತು.
ಹೋದ ವಾರವಷ್ಟೇ ಹಾಕಿದ ಹೊಸ ಡಿಸ್ಕು.
ಇದರ ಮುಂಚಿನದೂ ಹೀಗೇ ಮಾಡಿತ್ತು,
ಗುಜರಿಗೆ ಹಾಕಿದ್ದೆ.

ಮೂರಕ್ಕೆ ಐದಿರುವಾಗ ಕ್ರಷರಿನಲ್ಲಿ ಕಬ್ಬು ಸಿಕ್ಕಿಕೊಂಡು
ರೋಲರುಗಳು ನಿಂತವು.
ಕಿವಿಯಲ್ಲಿ ಇಷ್ಟು ದಿನ ಸದ್ದಿತ್ತೆಂದು ಆಗಲೇ ತಿಳಿದದ್ದು.
ನಾಡಿ: ಹತ್ತು. ಒಂಬತ್ತು. ಹತ್ತು.
ನಿದ್ದೆ ಹೋಗಿದ್ದ ಕೆಲಸ ಕಣ್ಣು ಬಿಟ್ಟಿತು,
ಬಿಟ್ಟ ಗಳಿಗೆಯೇ
ಹೊಸ್ತಿಲಲ್ಲಿ ಕಾದಿದ್ದ ನನ್ನ ಸಿಗ್ನಲ್ಲಿಗೆ ತುತ್ತಾಯಿತು.
ಅದರ ಜಾಗಕ್ಕೆ ಬಂದ ಇನ್ನೊಂದು ಕಿರ್ರೆಂದು ಚೀಟಿ ಹೊಡೆಯಿತು,
ಕೆಂಪಸಿದ್ದು ಗುಂಡಿ ಒತ್ತಿ ಒತ್ತಿ ಇಟ್ಟಿದ್ದಕ್ಕೆ
ಅದೇ ಚೀಟಿ ಮತ್ತೆ ಮೂರು.

ರೋಲರು ಮತ್ತೆ ತಿರುಗಿದಾಗ
ರ‍್ಯಾಕಿನ ಮೇಲಿಟ್ಟ ಲೋಟದ ಚಹಾದಲ್ಲಿ
ಉಂಗುರದೊಳಗೆ ಉಂಗುರ.
ಅಂಗೈ ಒತ್ತಿದೆ. ಕಬ್ಬಿಣ ಜ್ವರದ ಮಗುವಿನಂತೆ ನಡುಗುತ್ತಿತ್ತು.
ಗೋಡೆಯಾಚೆಗೆ ಕ್ರಷರು.
ಈ ಹಂಗಾಮಿಗೆ ಮುಂಚೆ, ಎಸಿ ಇರುವ ಕೋಣೆಯೆಂದು
ಇದೇ ಗೋಡೆಗೆ ಒತ್ತಿ ರ‍್ಯಾಕು ನಿಲ್ಲಿಸಿದವಳು ನಾನೇ.
ಓಡುವ ಬಂಡಿಯಲ್ಲಿ ಕೂರಿಸಿ
ಎಳೆ ರಂಗೋಲಿ ಬಿಡಿಸೆಂದಿದ್ದೆ ಪಾಪದ ಮುಳ್ಳಿಗೆ;
ತಪ್ಪಿ, ಮತ್ತೆ ಎಳೆದು, ತಪ್ಪಿ, ಮತ್ತೆ ಎಳೆದು
ಬೈಸಿಕೊಂಡಿತ್ತು ಅದು.

ಫಿಟ್ಟರ್ ಜವರಪ್ಪ ಹಳೇ ಟೈರು ಕುಯ್ದು ತಂದ, ನಾಲ್ಕು ತುಂಡು.
ಸರ್ವರನ್ನು ಹೇಳಿ ಕೇಳಿ ಮಲಗಿಸಿ,
ರ‍್ಯಾಕನ್ನು ಗೋಡೆಯಿಂದ ಒಂದು ಮೊಳ ಎಳೆದು
ಕಾಲಿಗೊಂದು ರಬ್ಬರು ಕೊಟ್ಟೆವು.
"ಇಷ್ಟಕ್ಕೇ ಅಷ್ಟು ರಾದ್ಧಾಂತವಾ?" ಎಂದ.
ಕ್ರಷರು ಭರ್ತಿ ತಿರುಗುತ್ತಿತ್ತು. ನಾಡಿ ಹನ್ನೊಂದು.

ಎಚ್ಚರಿಕೆಗೆ ಸೊನ್ನೆ ಬರೆಯಲಿಲ್ಲ.
ನೂರಿಪ್ಪತ್ತನ್ನು ಅರವತ್ತಕ್ಕೆ ಇಳಿಸಿದೆ.
ಸಾಲು ಸರಿಯುತ್ತಿದೆ, ಎತ್ತಿನ ಕೊರಳ ಗಂಟೆ ಒಂದೊಂದೇ.

ಬೆಳಗಾಗಲಿ, ಗುತ್ತಲು ರಸ್ತೆಯ ಗುಜರಿ ಇಲಿಯಾಸನಿಗೆ
ಫೋನು ಮಾಡಬೇಕು:
ಹೋದ ವಾರ ಕೊಟ್ಟ ಡಿಸ್ಕು
ಇನ್ನೂ ಒಡೆದಿಲ್ಲ ತಾನೆ?