ಕಾಯ್ತಾನನ ಅಂಗಡಿಯಲ್ಲಿ ರೀಲು ಆರಿಸಿದ್ದು

ಗಾಜಿನ ಕೆಳಗೆ ಹದಿನೇಳು ರೀಲು.
ಕೆಂಪು, ಬಂಗಾರ, ಒಂದಂತೂ
ಮದುವೆ ಬ್ಯಾಂಡಿನವರ ಕೋಟಿನಂತೆ ಮಿರಮಿರ.
'ಹನ್ನೊಂದು ಬೇರಿಂಗು' ಎಂದು ಮೈಮೇಲೇ ಬರೆದುಕೊಂಡದ್ದನ್ನು
ಮೊದಲು ಮುಟ್ಟಿದೆ.
ಕಾಯ್ತಾನ ಕನ್ನಡಕ ಏರಿಸಿ,
'ಬಾಬಾ, ಅದು ಮೀನಿಗಲ್ಲ,
ಮನುಷ್ಯರಿಗೆ ಹಾಕಿದ ಗಾಳ' ಎಂದ.

ಎಲ್ಲಿ ಹಿಡಿಯುತ್ತೀ?
ಕೋಡಿಬಾಗದಲ್ಲಿ, ಸೇತುವೆ ಕೆಳಗೆ, ಇಳಿತದ ಹೊತ್ತಿಗೆ.
ಚೊಣಕ ಬಂದರೆ ಚೊಣಕ.
ನನಗಿನ್ನು ಹೊಳೆಬಾಯಿ ಸಾಕು, ಸಮುದ್ರ ಬೇಡ.

ಹಾಗಾದರೆ ಹಿಡಿಕೆ ಹಿಡಿದು ಅಲುಗಾಡಿಸು.
ತಿರುಗಿಸಬೇಡ, ಅಲುಗಾಡಿಸು,
ಹಲ್ಲಿನ ಡಾಕ್ಟರು ನೋಡುವ ಹಾಗೆ. ಸಡಿಲಿದ್ದರೆ ಕೆಳಗಿಡು.
ಕಂಬಿ ಮಗುಚು: ಒಮ್ಮೆ ಟಕ್ ಎನ್ನಬೇಕು,
ಹಳೇ ಕೊಡೆಯಂತೆ ಎರಡು ಮನಸ್ಸು ಮಾಡಬಾರದು.
ದಾರ ಹೊರಳುವ ಸಣ್ಣ ಉರುಳೆ ಇದೆಯಲ್ಲ, ಹುಣಸೆಬೀಜದಷ್ಟು,
ಅದು ತಿರುಗದಿದ್ದರೆ ಉಳಿದ ಹನ್ನೊಂದೂ ದಂಡ;
ಉಪ್ಪು ಮೊದಲು ಸಂಸಾರ ಹೂಡುವುದು ಅಲ್ಲೇ.

ಕೇಳುತ್ತ ನಿಂತಿದ್ದೆ,
ಬಲಗೈ ಲುಂಗಿಯ ಮಡಿಕೆಯಲ್ಲಿ.
ಮೂರು ವರ್ಷದ ಅಭ್ಯಾಸ.

ಬೈತಖೋಲದಿಂದ ಹೊರಟದ್ದು ಆಗಸ್ಟಿನ ಮೊದಲ ವಾರ.
ಬಲೆ ತುಂಬಿ ಬಂದಿತ್ತು, ಎಲ್ಲರೂ ಕೂಗುತ್ತಿದ್ದರು, ಖುಷಿಗೆ.
ತಂತಿಹಗ್ಗದಲ್ಲಿ ಕೈಗವಸಿನ ತುದಿ ಸಿಕ್ಕಿತು.
ವಿಂಚಿಗೆ ಎಳೆಯುವುದೊಂದೇ ಗೊತ್ತು.
ಗೋಯ್ದು ತಾಂಡೇಲ ಎಂಜಿನ್ನಿಗೆ ಓಡುವಷ್ಟರಲ್ಲಿ
ತೋರುಬೆರಳು, ಅದರ ಪಕ್ಕದ್ದು.
ಶೆಟ್ಲಿಗೆ ಆ ದಿನ ಒಳ್ಳೇ ರೇಟು ಇತ್ತಂತೆ.

ತೋರುಬೆರಳಿಲ್ಲದೆ ಗಾಳ ಎಸೆಯುವುದು ಹೇಗೆ?
ಕಂಬಿ ತೆರೆದಾಗ ದಾರ ತಡೆದು ನಿಲ್ಲುವುದೂ ಅದೇ,
ಎಸೆದ ಚಣಕ್ಕೆ ಬಿಡುವುದೂ ಅದೇ.
ಇದನ್ನು ನಾನು ಕೇಳಲಿಲ್ಲ.
ಕಾಯ್ತಾನ ಲುಂಗಿಯ ಕಡೆ ನೋಡಲೂ ಇಲ್ಲ.
ಮೂಲೆಯ ಕಪ್ಪು ರೀಲೊಂದನ್ನು ತೆಗೆದ
(ಎರಡೂವರೆ ಸಾವಿರ, ಬೇರಿಂಗು ನಾಲ್ಕೇ),
ತಿರುಪು ಬಿಚ್ಚಿ ಹಿಡಿಕೆಯನ್ನು ಎಡದಿಂದ ಬಲಕ್ಕೆ ಹಾಕಿದ,
ತುದಿಗೆ ಲಿಂಬೆಕಾಯಿಯಂಥ ಗುಂಡು ಸಿಕ್ಕಿಸಿ,
'ಎಸೆಯುವುದನ್ನು ಎಡಗೈ ಕಲಿಯುತ್ತದೆ' ಎಂದ,
ಚಿಲ್ಲರೆ ವಾಪಸು ಕೊಡುವಷ್ಟೇ ಸಲೀಸಾಗಿ.

ಆಮೇಲೆ ಬೆರಳಿಟ್ಟು ತೋರಿಸಿದ:
ನೀನು ಸುತ್ತುವಾಗ ಈ ಸ್ಪೂಲು ತಿರುಗುವುದಿಲ್ಲ.
ಬರೀ ಏಳುತ್ತದೆ, ಇಳಿಯುತ್ತದೆ, ಮಲಗಿದವನ ಎದೆಯಂತೆ.
ಪ್ರದಕ್ಷಿಣೆಯೆಲ್ಲ ಕಂಬಿಯದು.
ಇದು ತಿರುಗುವುದು ಮೀನು ಎಳೆದಾಗ, ಸೋಲುವಾಗ ಮಾತ್ರ.
ಗೆಲ್ಲುವುದನ್ನು ಎಲ್ಲ ರೀಲೂ ಗೆಲ್ಲುತ್ತದೆ ಮಾರಾಯ,
ಸೋಲುವುದು ಹೇಗೆಂದು ನೋಡಿ ಕೊಳ್ಳು.
ಅಂಟಿಕೊಂಡಿದ್ದು ದಡಕ್ಕನೆ ಬಿಡುವುದು ಬೇಡ.
ದಾರ ಹರಿಯುವುದು ಆ ದಡಕ್ಕಿನಲ್ಲೇ.

ತುಸು ಬಿಗಿ ಮಾಡಿ, ದಾರದ ತುದಿಯನ್ನು
ಮೊಮ್ಮಗ ರೋಕಿಯ ಸೈಕಲ್ ಕ್ಯಾರಿಯರಿಗೆ ಕಟ್ಟಿದ.
'ಹೋಗು, ನಿಲ್ಲು ಅನ್ನುವವರೆಗೆ.'

ಗ್ರೀನ್ ಸ್ಟ್ರೀಟಿನ ಮಧ್ಯಾಹ್ನ.
ಮಣಿಸರದ ಹಾಲಕ್ಕಿ ಅಜ್ಜಿ ಬಸಳೆಕಟ್ಟು ಎಳೆದುಕೊಂಡು
ದಾರಕ್ಕೆ ದಾರಿ ಬಿಟ್ಟಳು.
ಸ್ಕೂಟರಿನವನೊಬ್ಬ ಬೈಯಲೆಂದು ನಿಂತವನು ನೋಡುತ್ತ ನಿಂತ.

ಎಡಗೈಯಲ್ಲಿ ರಾಡು.
ರೀಲು ಮಾತಾಡತೊಡಗಿತು,
ದೂರದ ಮನೆಯಲ್ಲಿ ಯಾರೋ ಅಕ್ಕಿ ಕೇರುವ ಸದ್ದು,
ಒಂದೇ ಸಮ.
ರೋಕಿ ಜೋರು ತುಳಿದರೆ ಜೋರು, ನಿಂತು ತುಳಿದರೆ ಇನ್ನೂ ಜೋರು,
ಎಲ್ಲೂ ಕಚ್ಚಲಿಲ್ಲ.
ಎಳೆಯುವವನನ್ನು ಎಳೆಯಲು ಬಿಡುತ್ತಿತ್ತು,
ಪುಕ್ಕಟೆ ಬಿಡುತ್ತಿರಲಿಲ್ಲ.
ಇಷ್ಟು ಗೊತ್ತಿರಬೇಕಿತ್ತು ಆ ವಿಂಚಿಗೆ,
ಇಷ್ಟೇ.
ಇಲ್ಲದ ಎರಡು ಬೆರಳು
ಮಳೆಗಾಲದಲ್ಲಿ ತುರಿಸುವಂತೆ ತುರಿಸಿದವು.

ಹುಡುಗ ಬೀದಿಯ ಕೊನೆಗೆ ಬೆಂಕಿಪೊಟ್ಟಣದಷ್ಟಾದ.
'ನಿಲ್ಲು ಅನ್ನು' ಎಂದ ಕಾಯ್ತಾನ, 'ದಾರ ಮುಗೀತದೆ.'
ನಾನು ಅನ್ನಲಿಲ್ಲ.
ಬಲಗೈ ಹೊರಗೆ ತೆಗೆದು,
ಅಷ್ಟು ಜನರೆದುರು,
ಆ ಗುಂಡಿನ ಮೇಲೆ ಇಟ್ಟೆ.