ಚಾರ್ಜ್ ಕೊಡೂ ದಿನ

ಹಾವೇರಿ, ಜಿಲ್ಲಾ ಸಶಸ್ತ್ರ ಪಡೆಯ ಶಸ್ತ್ರಾಗಾರ.
ಜಮಾದಾರ ಗೋಣೆಪ್ಪ ಕಮ್ಮಾರ ಹೇಳಿದ್ದು.

ಬಾಗಲಾ ಪೂರಾ ತೆರಿ, ನಸೀಮಾ. ಬೆಳಕ ಬರ್ಲಿ.
ಬ್ಯಾಡಗಿ ಲಾರಿ ಘಾಟೂ ಬಂದ್ರ ಬರ್ಲಿ,
ಸೀನಿದ್ರೂ ಎಣಿಕಿ ತಪ್ಪಬಾರದು, ಅಷ್ಟ.
ಎಡಕ್ಕಿರೂವು ಹಳೇವು, ಹನ್ನೊಂದು. ಉಕ್ಕು.
ಬಲಕ್ಕ ಪೆಟ್ಟಿಗ್ಯಾಗ ಹೊಸಾವು, ಹದಿನಾರು,
ಸ್ಪಂಜಿನ್ಯಾಗ ತತ್ತಿಯಂಗ ಮಲಗ್ಯಾವ.
ಮೈ ಪ್ಲಾಸ್ಟಿಕ್ಕು. ಪಾಲಿಮರ್ ಅನಬೇಕಂತ,
ಟ್ರೇನಿಂಗಿನ್ಯಾಗ ಮೂರು ಸಲ ತಿದ್ದಿದ್ರು ನನ್ನ.

ಮದ್ಲ ಇದನ್ನ ಹಿಡಿ. ಖಾಲಿ ಐತಿ,
ಆದ್ರೂ ನೀನೊಮ್ಮೆ ಚೇಂಬರ್ ನೋಡು.
ನನ್ನ ಮಾತು ನಂಬಬ್ಯಾಡ.
ಈ ಖೋಲ್ಯಾಗ ಯಾರ ಮಾತೂ ನಂಬಬ್ಯಾಡ.
ಭಾರ ಐತಲ್ಲ? ಸೇರು ಜ್ವಾಳದ ಭಾರ.
ಹಾರಿಸಿದಾಗ ಮೂತಿ ಮ್ಯಾಲೇಳೂದು ಕಡಿಮಿ,
ತನ್ನ ಭಾರಕ್ಕ ತಾನ ಕೂಡತೈತಿ, ಹಿರೇರಂಗ.

ಈಗ ಇದು.
ನಕ್ಕಿ ನೋಡು!
ಗುಂಡು ಹೊಡದಾಗ ಕೂದಲೆಳಿಯಷ್ಟು ಬಾಗಿ
ಪೆಟ್ಟು ತಾನ ನುಂಗತೈತಿ.
ಮಣಿಕಟ್ಟು ಸಡ್ಲ ಬಿಟ್ಯೋ, ಸಿಟ್ಟ ಮಾಡಿ ಸಿಕ್ಕೊಂಡ ಕೂಡತೈತಿ.
ಹದಿನಾಲ್ಕು ತಾಸು ಬಂದೋಬಸ್ತಿಗೆ ನಿಂತ ನಿನ್ನ ಸೊಂಟ
ಇದನ್ನ ಹರಸತೈತಿ. ನಾ ಸುಳ್ಳ ಹೇಳೂದಿಲ್ಲ.
ನನ್ನ ಬಲಗಡೆ ಅರ್ಧ ಇಂಚು ತಗ್ಗೈತಿ,
ಶಿಂಪಿಗೇರ ವೀರಭದ್ರಗ ಪ್ಯಾಂಟು ಹೊಲಿಯಾಕ ಅದ ತ್ರಾಸು.

ನಮ್ಮಪ್ಪ ಹಾನಗಲ್ಲ ದಾರ್ಯಾಗ ಕುಲುಮಿ ಊದಿದಾಂವ.
ಕಬ್ಬಿಣ ತಪ್ಪ ಮಾಡಿದ್ರ ಮತ್ತ ಕಾಸಬಹುದು ಅಂತಿದ್ದ.
ಇದನ್ನ ಕಾಸಿದ್ರ ವಾಸನಿ, ಅಷ್ಟ.
ಆದ್ರ ತಿರುವಿ ನೋಡು: ಪ್ಲಾಸ್ಟಿಕ್ಕಿನ ನಡುವ
ಉಗುರಿನಷ್ಟು ಉಕ್ಕಿನ ಪಟ್ಟಿ. ಅದ್ರ ಮ್ಯಾಲ ನಂಬರು.
ಹೆಸರು ಬರಿಯಾಕ ಇದಕ್ಕೂ ಲೋಹಾನ ಬೇಕಾತು.
ಅಪ್ಪ ಇದ್ದಿದ್ರ ಅಷ್ಟಕ್ಕ ಸಮಾಧಾನ ಮಾಡ್ಕೋತಿದ್ದ.

ಹಳೇದ್ರಾಗ ಏಳನೇ ನಂಬರ್ ಕೊಡು.
ಹಿಡಿಕಿ ಹಿಂದ ಬಟ್ಟ ಆಡಸು. ಖರಬರ ಹತ್ತಿತಿಲ್ಲ?
ಅದು ಎ.ಎಸ್.ಐ. ಚನ್ನವೀರಗೌಡ್ರ ಹೆಬ್ಬಟ್ಟು.
ಒಬ್ಬೊಬ್ಬರ ಬೆವರು ಒಂದೊಂದು ನಮೂನಿ,
ಕೆಲವರದು ಬರೇ ನೀರು. ಅವರದು ಹುಣಸಿ ರಸ.
ಇಲೆಕ್ಷನ್ ಹಿಂದಿನ ರಾತ್ರಿ, ಸವಣೂರ ಕಡೆ,
ಒಂದು ಬಾಗಲದ ಮುಂದ ಒಂಬತ್ತು ತಾಸು
ಇದನ್ನ ಹಿಡ್ಕೊಂಡು ನಿಂತಿದ್ರು.
ಒಂದ ಗುಂಡೂ ಹಾರಲಿಲ್ಲ.
ರಿಜಿಸ್ಟರಿನ್ಯಾಗ ಆ ದಿನ ಕೊಟ್ಟದ್ದು ಹತ್ತು, ಬಂದದ್ದು ಹತ್ತು.
ಮುಂಜಾನೆ ಅವರ ಬಟ್ಟು ಬಿಡಸಾಕ ನಾನ ಬೇಕಾದೆ,
ಒಂದೊಂದಾಗಿ, ಕೂಸಿನ ಮುಷ್ಟಿ ಬಿಡಿಸಿದಂಗ.
ಬಾಗಲದ ಹಿಂದ ಏನಿತ್ತೋ,
ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.
ಮೂರು ದಿನಕ್ಕ ಅಲ್ಲೆ ತುಕ್ಕು ಎದ್ದಿತು.
ಎಣ್ಣಿ ಹಚ್ಚಿದೆ. ತಿಕ್ಕಲಿಲ್ಲ.
ಇನ್ಸ್‌ಪೆಕ್ಷನ್ ದಿನ ಬೈಸ್ಕೊಂಡೆ.

ಖಂಡೇಪೂಜಿಗೆ ಹಚ್ಚಿದ ಕುಂಕುಮ
ಉಕ್ಕಿನ ಸಂದ್ಯಾಗ ದೀಪಾವಳಿ ತನಕ ಕೂಡತಿತ್ತು.
ಈ ಸಲ ಹೊಸಾವಕ್ಕೂ ಹಚ್ಚಿದೆ. ಒಮ್ಮೆ ವರಸಿದ್ರ ಹ್ವಾತು.
ಒಳ್ಳೇದನ ಕೆಟ್ಟದ್ದನ, ಕೇಳಬ್ಯಾಡ.

ನನ್ನ ಕೈ ನೋಡಿಲ್ಲೆ.
ಹಳೇದು ಹಿಡದ್ರ ನಡಗೂದಿಲ್ಲ,
ಹೊಸಾದು ಹಿಡದ್ರ ನಡಗತೈತಿ.
ನಡುಕ ಮದ್ಲೂ ಇತ್ತು, ನಸೀಮಾ.
ಭಾರದ ಕೆಳಗ ಅಡಗಿತ್ತು.

ಹನ್ನೊಂದೂ ನಾಳೆ ಬೆಂಗಳೂರಿಗೆ. ಕರಗಸ್ತಾರಂತ,
ಎಲ್ಲಾರ ಹೆಬ್ಬಟ್ಟೂ ಒಂದ ಕುಲುಮ್ಯಾಗ.

ಇಲ್ಲೆ ಸೈ ಹಾಕು. ಪೆನ್ನು? ತಗೋ.
ಇದೂ ಪ್ಲಾಸ್ಟಿಕ್ಕಂದು. ಬರೀತೈತಿ.
ಅಂಗೈ ತೋರಸು.
ಬೆವತೈತಿ.
ಇನ್ನ ಮ್ಯಾಲೆ ನಿನ್ನ ಬೆವರು
ಆ ಹೊಸಾ ಮೈಯಾಗ ಎಲ್ಲಿ ಹೋಗಿ ಕೂಡತೈತೋ
ನನಗ ಗೊತ್ತಿಲ್ಲವಾ.
ಚಾವಿ ಎರಡು. ಎಣಿಸ್ಕೊ.